ನ್ಗಾರಾದಿಂದ ನಕುರುವಿಗೆ: ಒಂದು ಯುಗಾದಿ ಪ್ರವಾಸ

2025ರಲ್ಲಿ ಯುಗಾದಿಯೂ ಈದುಲ್ ಫಿತ್ರ್ ಹಬ್ಬವೂ ಮಾರ್ಚ್ 30ರ ಭಾನುವಾರ ಒಟ್ಟಿಗೇ ಬಂದವು. ಒಮಾನಿನಲ್ಲಿ ಮಾತ್ರ ಈದ್ ಮರುದಿನ. ಯುಗಾದಿಯ ದಿನ ಸೈಟಿನಲ್ಲೋ ಡ್ಯೂಟಿಯಲ್ಲೋ ನಿಂತು, ರಾತ್ರಿ ರೂಮಿಗೆ ಬಂದ ಮೇಲೆ ಬೇವು ಬೆಲ್ಲ ಬಾಯಿಗೆ ಹಾಕಿಕೊಳ್ಳುವ ನಮ್ಮಂಥವರಿಗೆ ಇದು ಅಪರೂಪದ ರಜೆ. ಆದರೆ ನಾಲ್ಕು ದಿನದಲ್ಲಿ ಊರಿಗೆ ಹೋಗಿ ಬರುವುದು ಆಗದ ಮಾತು. ಹಬ್ಬದ ಹೊತ್ತಿನ ಮಂಗಳೂರು ಟಿಕೆಟ್ ದರ ಎಷ್ಟಿರುತ್ತದೆಂದು ಓದುಗರಿಗೆ ನಾವು ಹೇಳಬೇಕಾಗಿಲ್ಲ. ಹಾಗಾಗಿ ನಾವು ಹದಿನಾಲ್ಕು ಮಂದಿ ಬೇರೆ ದಿಕ್ಕು ಹಿಡಿದೆವು. ಐದು ಗಂಟೆ ಹಾರಿದರೆ ನೈರೋಬಿ.

ಕೀನ್ಯಾ ಎಂದ ಕೂಡಲೇ ಎಲ್ಲರೂ ಕೇಳಿದ್ದು ಸಿಂಹದ ವಿಷಯ. ಮಸಾಯಿ ಮಾರಾದ ಸಫಾರಿ ನಮ್ಮ ಜೇಬಿಗೆ ಹೊಂದುವಂಥದ್ದಲ್ಲ, ದಿನಗಳೂ ಸಾಲವು. ನಮಗೆ ಸಿಕ್ಕಿದ್ದು ಒಂದು ಸಣ್ಣ ಕೋಚು, ಒಬ್ಬ ಡ್ರೈವರು, ಮತ್ತು ಇತಿಹಾಸ ಓದಿಕೊಂಡಿದ್ದ ಒಬ್ಬ ಕಿಕುಯು ಹೆಣ್ಣುಮಗಳು ಗೈಡ್ ಆಗಿ. ಹಳೆಯ ರೈಲು ದಾರಿಯ ಪಕ್ಕದಲ್ಲೇ ಹಳ್ಳಿಗಾಡಿನ ಮೇಲೆ ಹೋಗಿ ಬರುವ ಮಾರ್ಗ. ಗುಂಪಿನಲ್ಲಿ ಯಾದಗಿರಿಯ ಕ್ರೇನ್ ಆಪರೇಟರ್ ಇದ್ದರು, ಹಾಸನದ ಎ.ಸಿ. ಮೆಕ್ಯಾನಿಕ್, ಮಂಗಳೂರಿನ ಇಬ್ಬರು ನರ್ಸ್‌ಗಳು, ಮಡಿಕೇರಿಯ ಸ್ಟೋರ್‌ಕೀಪರ್, ಕುಂದಾಪುರದ ಗಂಡ ಹೆಂಡತಿ. ದೊಡ್ಡ ಬಸ್ಸಿನಲ್ಲಿ ಐವತ್ತು ಜನ ಹೋದರೆ ತಲೆ ಎಣಿಸುವುದರಲ್ಲೇ ದಿನ ಮುಗಿಯುತ್ತದೆ. ಹದಿನಾಲ್ಕೇ ಜನವಾದ್ದರಿಂದ ಬೇಕಾದಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಲು ಆಯಿತು.

ಇಳಿದುಕೊಂಡದ್ದು ನ್ಗಾರಾದಲ್ಲಿ. ಪೇಟೆಯ ಮಧ್ಯಭಾಗದಿಂದ ನೈರೋಬಿ ಹೊಳೆ ದಾಟಿದರೆ ಸಿಗುವ ಬಡಾವಣೆ ಇದು. ಬ್ರಿಟಿಷರ ಕಾಲದಲ್ಲಿ ಬಿಳಿಯರಿಗೊಂದು ಕಡೆ, ಭಾರತೀಯರಿಗೊಂದು ಕಡೆ, ಆಫ್ರಿಕನ್ನರಿಗೊಂದು ಕಡೆ ಎಂದು ಊರನ್ನು ಹಂಚಿದಾಗ ಭಾರತೀಯರ ಪಾಲಿಗೆ ಬಂದ ಜಾಗಗಳಲ್ಲಿ ಒಂದು. ಈಗ ಬೀದಿ ತುಂಬ ಕಾರಿನ ಬಿಡಿಭಾಗ, ಹಳೆ ಬಟ್ಟೆ, ಮೊಬೈಲ್ ಅಂಗಡಿಗಳು. ಭಾರತೀಯ ಮನೆತನಗಳಲ್ಲಿ ಹೆಚ್ಚಿನವು ಪಾರ್ಕ್‌ಲ್ಯಾಂಡ್ಸಿಗೋ ಲಂಡನ್ನಿಗೋ ಹೋಗಿವೆ. ಕೆಲವು ಹಳೆಯ ಕಲ್ಲುಕಟ್ಟಡಗಳ ನೆತ್ತಿಯ ಮೇಲೆ ಕಟ್ಟಿಸಿದ ಇಸವಿ ಮಾತ್ರ ಉಳಿದಿದೆ.

ಮಾತಿನಲ್ಲಿ ಮಾತ್ರ ನಮ್ಮವರು ಇನ್ನೂ ಉಳಿದಿದ್ದಾರೆ. ಸ್ವಾಹಿಲಿಯಲ್ಲಿ ಅಂಗಡಿಗೆ 'ದುಕಾ', ವಾಹನಕ್ಕೆ 'ಗಾರಿ', ವಿಮೆಗೆ 'ಬೀಮಾ', ಲಕ್ಷಕ್ಕೆ 'ಲಾಕಿ'. ಚಪಾತಿಗೆ ಚಪಾತಿಯೇ, ಚಹಾಕ್ಕೆ 'ಚಾಯ್'. ಬೇವಿಗೆ ಅವರು ಹೇಳುವುದು 'ಮ್ವಾರೊಬೈನಿ', ನಲವತ್ತು ರೋಗಗಳ ಮದ್ದು ಎಂಬ ಅರ್ಥದಲ್ಲಿ. ಯುಗಾದಿಗೆ ಬೇವು ಎಲ್ಲಿಂದ ತರುವುದೆಂದು ನಾವು ಚಿಂತಿಸುತ್ತಿದ್ದರೆ, ಗೈಡ್ ಮಾರುಕಟ್ಟೆಯ ಗಿಡಮೂಲಿಕೆ ಅಂಗಡಿಯಿಂದ ಒಣಗಿದ ಎಲೆಯ ಪೊಟ್ಟಣವನ್ನೇ ತಂದುಕೊಟ್ಟಳು.

ಶನಿವಾರ ಮೊದಲು ಹೋದದ್ದು ರೈಲ್ವೆ ಮ್ಯೂಸಿಯಮ್ಮಿಗೆ. 1896ರಲ್ಲಿ ಮೊಂಬಾಸಾದಿಂದ ಹಾಕತೊಡಗಿದ ಉಗಾಂಡಾ ರೈಲಿನ ಹಳಿ 1899ರ ಮೇ ಕೊನೆಗೆ ಇಲ್ಲಿಗೆ ಮುಟ್ಟಿತು. ಆಗ ಇಲ್ಲಿ ಊರೇ ಇರಲಿಲ್ಲ. ಮಸಾಯಿಗಳು ದನಗಳಿಗೆ ನೀರು ಕುಡಿಸುವ ಜೌಗು ನೆಲ, ಹೆಸರು 'ಎಂಕಾರೆ ನೈರೋಬಿ', ತಣ್ಣೀರು. ಹಳಿ 1901ರ ಡಿಸೆಂಬರಿನಲ್ಲಿ ವಿಕ್ಟೋರಿಯಾ ಸರೋವರದ ದಡ ಸೇರಿತು. ಈ ಕೆಲಸಕ್ಕೆಂದು ಸುಮಾರು 32,000 ಕೂಲಿಗಳನ್ನು ಭಾರತದಿಂದ, ಬಹುಪಾಲು ಪಂಜಾಬಿನಿಂದ, ಕರಾರು ಬರೆಸಿ ಕರೆತಂದರು. ಮೂರು ವರ್ಷದ ಕರಾರು, ಊಟ ಅವರದು, ಅವಧಿ ಮುಗಿದ ಮೇಲೆ ವಾಪಸು ಹಡಗಿನ ಖರ್ಚೂ ಅವರದು.

ಗೈಡ್ ಇಷ್ಟು ಹೇಳುವಾಗಲೇ ನಮ್ಮಲ್ಲಿ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಂಪನಿ ಊಟ, ಕಂಪನಿ ವಸತಿ, ಎರಡು ವರ್ಷಕ್ಕೊಮ್ಮೆ ಟಿಕೆಟ್: ಕಾಗದ ಬದಲಾಗಿದೆ, ಒಕ್ಕಣೆ ಅಷ್ಟೇನೂ ಬದಲಾಗಿಲ್ಲ. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಆ ಕೂಲಿಗಳಲ್ಲಿ ಸುಮಾರು 2,500 ಜನ ಸತ್ತರು, ಅಂದರೆ ಹಾಕಿದ ಮೈಲಿಗೆ ನಾಲ್ಕು ಹೆಣ. ಆರು ಸಾವಿರಕ್ಕೂ ಮಿಕ್ಕಿ ಜನ ಕೈಲಾಗದವರಾಗಿ ಹಿಂತಿರುಗಿದರು. ಮಲೇರಿಯಾ, ಆಮಶಂಕೆ, ಹುಣ್ಣು ಕೊಂದಷ್ಟು ಜನರನ್ನು ಯಾವ ಮೃಗವೂ ಕೊಲ್ಲಲಿಲ್ಲ. ಆದರೂ ಲೋಕಕ್ಕೆ ನೆನಪಿರುವುದು 1898ರಲ್ಲಿ ಸಾವೋ ನದಿಯ ಸೇತುವೆ ಕೆಲಸ ನಿಲ್ಲಿಸಿದ ಎರಡು ನರಭಕ್ಷಕ ಸಿಂಹಗಳು. ಅವುಗಳನ್ನು ಹೊಡೆದ ಪ್ಯಾಟರ್ಸನ್ನನ ಹೆಸರು ಪುಸ್ತಕದಲ್ಲಿದೆ, ಸಿನಿಮಾದಲ್ಲಿದೆ. ಸಿಂಹಗಳು ಶಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದಿವೆ. ತಿನ್ನಿಸಿಕೊಂಡವರ ಹೆಸರು ಹುಡುಕಿದರೂ ಸಿಗುವುದು ಕಷ್ಟ. ಮ್ಯೂಸಿಯಮ್ಮಿನಲ್ಲೂ ಜನ ಸೇರುವುದು, 1900ರಲ್ಲಿ ಕೀಮಾ ನಿಲ್ದಾಣದಲ್ಲಿ ರಯಾಲ್ ಎಂಬ ಪೊಲೀಸ್ ಅಧಿಕಾರಿಯನ್ನು ಸಿಂಹ ಎಳೆದೊಯ್ದ ಆ ಬೋಗಿಯ ಮುಂದೆಯೇ.

ಸಂಜೆ ಸಿಟಿ ಪಾರ್ಕಿಗೆ ಹೋದೆವು. ನ್ಗಾರಾದಿಂದ ಬಹಳ ಹತ್ತಿರ. ದೊಡ್ಡ ಮರಗಳ ಕಾಡು, ಕೈಯಲ್ಲಿದ್ದದ್ದನ್ನು ಕಸಿಯುವ ಕೋತಿಗಳು, ಒಂದು ಮೂಲೆಯಲ್ಲಿ ಹಳೆಯ ಸ್ಮಶಾನ. ಕನ್ನಡಿಗರಾದ ನಾವು ನೈರೋಬಿಗೆ ಹೋದರೆ ತಪ್ಪದೆ ನೋಡಬೇಕಾದ ಜಾಗ ಇದೇ ಎಂದು ನಮ್ಮ ಅಭಿಪ್ರಾಯ. ಪ್ರವಾಸದ ಕಿರುಹೊತ್ತಗೆಗಳಲ್ಲಿ ಇದಕ್ಕೆ ಒಂದು ಸಾಲೂ ಇರುವುದಿಲ್ಲ, ಇರಲಿ.

ಪಿಯೊ ಗಾಮಾ ಪಿಂಟೊ ನೈರೋಬಿಯಲ್ಲಿ 1927ರ ಮಾರ್ಚ್ 31ರಂದು ಹುಟ್ಟಿದ ಗೋವೆಯ ಮನೆತನದ ಹುಡುಗ. ಎಂಟನೆಯ ವಯಸ್ಸಿಗೆ ಓದಲೆಂದು ಭಾರತಕ್ಕೆ ಬಂದು, ಮುಂದೆ ಕಾಲೇಜಿಗೆ ಸೇರಿದ್ದು ನಮ್ಮ ಧಾರವಾಡದ ಕರ್ನಾಟಕ ಕಾಲೇಜನ್ನು. ಕೀನ್ಯಾಕ್ಕೆ ಹಿಂತಿರುಗಿ ಪತ್ರಕರ್ತನಾಗಿ, ಮೌ ಮೌ ಹೋರಾಟಗಾರರಿಗೆ ಒತ್ತಾಸೆಯಾಗಿ ನಿಂತು, 1954ರಿಂದ ಐದು ವರ್ಷ ಬ್ರಿಟಿಷರ ಬಂಧನದಲ್ಲಿ ಕಳೆದವರು. ಸ್ವಾತಂತ್ರ್ಯ ಬಂದು ಎರಡು ವರ್ಷ ತುಂಬುವ ಮೊದಲೇ, 1965ರ ಫೆಬ್ರವರಿ 24ರಂದು, ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಪುಟ್ಟ ಮಗಳು ಕಾರಿನಲ್ಲಿದ್ದಳು. ಅವರಿಗಿನ್ನೂ ಮೂವತ್ತೇಳು.

ಅವರ ಗೋರಿಗೆ ಸಮೀಪದಲ್ಲೇ ಜೋಸೆಫ್ ಮುರುಂಬಿಯವರ ಗೋರಿ. ತಂದೆ ಗೋವೆಯವರು, ತಾಯಿ ಮಸಾಯಿ. 1911ರಲ್ಲಿ ಹುಟ್ಟಿದ ಈ ಮಗುವನ್ನೂ ಓದಿಗೆಂದು ಹಡಗು ಹತ್ತಿಸಿದರು. ಓದಿದ್ದು ಬೆಂಗಳೂರಿನ ಕಾನ್ವೆಂಟಿನಲ್ಲಿ, ಬಳಿಕ ಬಳ್ಳಾರಿಯ ಹಾಸ್ಟೆಲ್ ಶಾಲೆಯಲ್ಲಿ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಬಿಸಿಲಿನಲ್ಲಿ ಬೆಳೆದ ಹುಡುಗ 1966ರಲ್ಲಿ ಕೀನ್ಯಾದ ಉಪರಾಷ್ಟ್ರಪತಿಯಾದರು, ಅದೇ ವರ್ಷ ಹುದ್ದೆ ಬಿಟ್ಟರು. ಮಿತ್ರ ಪಿಂಟೊ ಕೊಲೆಯಾದ ಮೇಲೆ ರಾಜಕೀಯದಲ್ಲಿ ಅವರಿಗೆ ಮನಸ್ಸು ನಿಲ್ಲಲಿಲ್ಲ ಎನ್ನುತ್ತಾರೆ. ಆಮೇಲೆ ಆಫ್ರಿಕದ ಕಲೆ, ಪುಸ್ತಕ, ಅಂಚೆಚೀಟಿ ಕೂಡಿಸುತ್ತ ಬದುಕಿದರು. ಆ ಸಂಗ್ರಹದ ದೊಡ್ಡ ಪಾಲು ಇಂದು ಕೀನ್ಯಾದ ರಾಷ್ಟ್ರೀಯ ಪತ್ರಾಗಾರದಲ್ಲಿದೆ. 1990ರಲ್ಲಿ ತೀರಿಕೊಂಡಾಗ ಗೆಳೆಯನ ಹತ್ತಿರವೇ ಮಣ್ಣಾಗಬೇಕೆಂಬುದು ಅವರ ಇಷ್ಟವಾಗಿತ್ತು.

ಧಾರವಾಡದ ಮಣ್ಣು ತುಳಿದ ಒಬ್ಬರು, ಬಳ್ಳಾರಿಯ ಮಣ್ಣು ತುಳಿದ ಒಬ್ಬರು. ನಮ್ಮ ಯಾದಗಿರಿಯವರು ಬಹಳ ಹೊತ್ತು ಅಲ್ಲೇ ಕುಳಿತರು. ಇಪ್ಪತ್ತೆರಡು ವರ್ಷ ಕೊಲ್ಲಿಯಲ್ಲಿ ದುಡಿದು, ಬರುವ ಜೂನಿಗೆ ಲೆಕ್ಕ ಚುಕ್ತಾ ಮಾಡಿಸಿಕೊಂಡು ಊರಿಗೆ ಹೊರಟವರು ಅವರು. ಎರಡು ವರ್ಷದ ಹಿಂದೆ ನಮ್ಮ ಕ್ಯಾಂಪಿನಲ್ಲಿ ತೀರಿಕೊಂಡ ಗೆಳೆಯನ ದೇಹವನ್ನು ಊರಿಗೆ ಕಳಿಸಲು ಕಾಗದಪತ್ರಕ್ಕೆ ಹನ್ನೊಂದು ದಿನ ಅಲೆದದ್ದೂ ಅವರೇ. "ಇಲ್ಲಿ ಹೂಳಿದರೆ ಇಲ್ಲಿಯವನೇ ಆಗ್ತಾನೆ. ನಮಗೆ ಅಲ್ಲಿ ಸತ್ತರೂ ವೀಸಾ ಕ್ಯಾನ್ಸಲ್ ಆಗಬೇಕು" ಎಂದರು. ಯಾರೂ ನಗಲಿಲ್ಲ. ರೈಲಿನ ಕೂಲಿಗಳಲ್ಲಿ 6,700ರಷ್ಟು ಜನ ಕರಾರು ಮುಗಿದ ಮೇಲೆ ಇಲ್ಲೇ ನಿಂತರು. ಅವರ ಜತೆಗೂ ಅವರ ಹಿಂದೆಯೂ ಅಂಗಡಿಯವರು, ಗುಮಾಸ್ತರು, ಬಡಗಿಗಳು ಬಂದರು. 2017ರಲ್ಲಿ ಕೀನ್ಯಾ ಸರಕಾರ ಭಾರತೀಯ ಮೂಲದವರನ್ನು ದೇಶದ 44ನೆಯ ಬುಡಕಟ್ಟೆಂದು ಮಾನ್ಯ ಮಾಡಿತು. ನಮಗೆ ಹಾಗೆ ಎಣಿಕೆಗೆ ಬರುವ ದಿನವಿಲ್ಲ, ಬೇಕೆಂದು ನಮ್ಮಲ್ಲಿ ಎಲ್ಲರಿಗೂ ಇಲ್ಲ. ಮಂಗಳೂರಿನ ನರ್ಸ್ ಒಬ್ಬಳು ತನಗೆ ಬೇಕಾದದ್ದು ನಿಲ್ಲುವ ಹಕ್ಕಲ್ಲ, ಬೇಕೆನಿಸಿದಾಗ ಹೊರಡುವ ಹಕ್ಕು ಎಂದಳು. ಆ ಚರ್ಚೆ ರಾತ್ರಿ ಊಟದವರೆಗೂ ನಡೆಯಿತು.

ಭಾನುವಾರ ಬೆಳಿಗ್ಗೆ ಬೇವಿನ ಪುಡಿಗೆ ಬೆಲ್ಲ ಬೆರೆಸಿ ತಿಂದು, ಈದಿನ ಶುಭಾಶಯ ಹೇಳಿಕೊಂಡು ಕೋಚು ಹತ್ತಿದೆವು. ವಸಂತ ಎಂದರೆ ಕೊಲ್ಲಿಯಲ್ಲಿ ಎ.ಸಿ. ಮತ್ತೆ ಹಾಕುವ ಕಾಲ. ಭೂಮಧ್ಯರೇಖೆಗೆ ಅಂಟಿಕೊಂಡ ಈ ನಾಡಿನಲ್ಲಿ ನಮ್ಮ ಲೆಕ್ಕದ ವಸಂತವೇ ಇಲ್ಲ, ಮಾರ್ಚಿನಿಂದ ಮೇವರೆಗೆ ದೊಡ್ಡ ಮಳೆ. ಆದರೆ ಮೊದಲ ಮಳೆ ಬಿದ್ದ ಲಿಮುರುವಿನ ಗುಡ್ಡಗಳು ಯಾವ ವಸಂತಕ್ಕೂ ಕಡಿಮೆಯಿರಲಿಲ್ಲ. ಕೆಂಪು ಮಣ್ಣು, ಕತ್ತರಿಸಿದ ಚಹಾ ತೋಟ, ನಡುನಡುವೆ ಸಿಲ್ವರ್ ಓಕ್. ಮಡಿಕೇರಿಯವರು ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಕಾಫಿಯಲ್ಲೂ ನೆಂಟಸ್ತನವಿದೆ: ಮೈಸೂರು ಸೀಮೆಯಲ್ಲಿ ಆರಿಸಿ ಬೆಳೆಸಿದ 'ಕೆಂಟ್' ತಳಿ ಪೂರ್ವ ಆಫ್ರಿಕಕ್ಕೂ ಬಂತು. ಅಲ್ಲಲ್ಲಿ ಕಿತ್ತಳೆಗೆಂಪಿನ ಹೂ ಹೊತ್ತ ಮರಗಳನ್ನು ಗೈಡ್ 'ನಂದಿ ಫ್ಲೇಮ್' ಎಂದಳು. ಬೆಂಗಳೂರು, ಮೈಸೂರಿನ ರಸ್ತೆಬದಿಯಲ್ಲಿ ಮೊಗ್ಗು ಹಿಚುಕಿ ನೀರು ಚಿಮ್ಮಿಸಿದವರಿಗೆಲ್ಲ ಆ ಮರ ಗೊತ್ತು. ಅದರ ತವರು ಆಫ್ರಿಕ.

ಲಿಮುರು ದಾಟಿದ ಮೇಲೆ ನೆಲ ಥಟ್ಟನೆ ಮುಗಿದು ಎದುರಿಗೆ ರಿಫ್ಟ್ ಕಣಿವೆ ಬಾಯಿ ತೆರೆಯುತ್ತದೆ. ಕೆಳಗೆ ಲಾಂಗೊನೋಟ್ ಅಗ್ನಿಪರ್ವತ ಬೋಗುಣಿ ಕವುಚಿಟ್ಟ ಹಾಗೆ. ಈ ಕಡಿದಾದ ಅಂಚಿನಲ್ಲಿ ರೈಲು ಇಳಿಸುವುದು ಹೇಗೆ? ಸೇತುವೆಗಳು ತಯಾರಾಗುವವರೆಗೆ ಇಳಿಜಾರಿನಲ್ಲಿ ಹಳಿ ಹಾಕಿ, ಉಕ್ಕಿನ ಹಗ್ಗ ಕಟ್ಟಿ ಬೋಗಿಗಳನ್ನು ಒಂದೊಂದಾಗಿ ಇಳಿಬಿಟ್ಟರಂತೆ. ಹಗ್ಗ, ರಾಟೆ, ಭಾರದ ಲೆಕ್ಕ ಎಂದ ಕೂಡಲೇ ಕ್ರೇನ್ ಆಪರೇಟರಿಗೆ ಜೀವ ಬಂದು, ಗೈಡಿಗಿಂತ ಹೆಚ್ಚು ಅವರೇ ವಿವರಿಸಿದರು. ನಾವು ಇಳಿದ ರಸ್ತೆಯಾದರೂ ಎರಡನೆಯ ಮಹಾಯುದ್ಧದ ಇಟಲಿಯ ಕೈದಿಗಳು ಕಡಿದದ್ದು. ಅವರು 1942ರಲ್ಲಿ ದಾರಿಬದಿ ಕಟ್ಟಿಕೊಂಡ ಪುಟ್ಟ ಚರ್ಚು ಇನ್ನೂ ಇದೆ. ಹನ್ನೆರಡು ಜನ ಕೂತರೆ ತುಂಬಿತು. ಸಾಲುಗಟ್ಟಿದ ಲಾರಿಗಳ ಹೊಗೆಯ ನಡುವೆ ಅದು ಕಾಣುವುದೇ ಕಷ್ಟ. ಕೆಳಗಿನ ಊರು ಮಾಯಿ ಮಾಹಿಯು, ಕಿಕುಯು ಭಾಷೆಯಲ್ಲಿ ಬಿಸಿನೀರು. ತಣ್ಣೀರಿನ ಊರಿನಿಂದ ಬಿಸಿನೀರಿನ ಊರಿಗೆ ಬಂದಿದ್ದೆವು.

ನೈವಾಷಾ ಸರೋವರದ ಸುತ್ತ ಗುಲಾಬಿಯ ಪ್ಲಾಸ್ಟಿಕ್ ಮನೆಗಳು. ಯುರೋಪಿನ, ಕೊಲ್ಲಿಯ ಹೂವಂಗಡಿಗಳಿಗೆ ಹೋಗುವ ಹೂವು ಇಲ್ಲಿಂದ ಬರುತ್ತದೆ. 2007ರಲ್ಲಿ ಬೆಂಗಳೂರಿನ ಕರುಟೂರಿ ಕಂಪನಿ ಇಲ್ಲೊಂದು ಬಹು ದೊಡ್ಡ ತೋಟ ಕೊಂಡು, ಗುಲಾಬಿ ಲೋಕದಲ್ಲಿ ಹೆಸರು ಮಾಡಿತ್ತು. 2014ರಲ್ಲಿ ಸಾಲದ ಕಾರಣ ಅದು ರಿಸೀವರ್ ಕೈಗೆ ಹೋಯಿತು. ಹೊರದೇಶದಲ್ಲಿ ದುಡಿಯುವವ ಎಂದರೆ ನಮ್ಮವನು ಎಂದೇ ಎಣಿಸಿದ್ದ ನಮಗೆ, ಧಣಿ ನಮ್ಮೂರಿನವನೂ ದುಡಿಯುವವಳು ಕೀನ್ಯಾದವಳೂ ಆದ ಈ ಕಥೆ ಹೊಸದು.

ಗಿಲ್ಗಿಲ್ ಆಚೆ ಕಾರಿಯಂಡುಸಿ ಎಂಬಲ್ಲಿ, ಎಲ್ಮೆಂಟೈಟಾ ಸರೋವರದ ಮೇಲೆ, ಲೂಯಿ ಲೀಕಿ 1920ರ ದಶಕದ ಕೊನೆಗೆ ಅಗೆಸಿದ ಜಾಗವಿದೆ. ಸುಮಾರು ಹತ್ತು ಲಕ್ಷ ವರ್ಷ ಹಿಂದಿನ ಕಲ್ಲಿನ ಕೈಗೊಡಲಿಗಳು ಬಿದ್ದಲ್ಲೇ ಬಿದ್ದಿವೆ, ಕೆಲವು ಕಪ್ಪು ಗಾಜಿನಂಥ ಅಗ್ನಿಶಿಲೆಯವು. ಯಾದಗಿರಿಯವರಿಗೆ ನಾವು ತಮಾಷೆಗೆ ನಿಮ್ಮೂರಿನಲ್ಲಿ ಇಂಥದ್ದಿಲ್ಲ ಎಂದೆವು. ಇದೆ! ಅವರ ಜಿಲ್ಲೆಯ ಹುಣಸಗಿ ಬಯಲಿನ ಇಸಾಂಪುರದಲ್ಲಿ ಪದ್ದಯ್ಯನವರು ಅಗೆದದ್ದು ಇದೇ ಬಗೆಯ ಕೊಡಲಿಗಳನ್ನು, ವಯಸ್ಸೂ ಹತ್ತು ಲಕ್ಷದ ಆಚೆಯದೇ. ಗೈಡ್ ಆ ಹೆಸರನ್ನು ಬರೆದುಕೊಂಡಳು.

ಮುಂದಿನ ರಜೆಗೆ ಹೊರಡುವವರಿಗೆ ಒಂದೆರಡು ಮಾತು. 2024ರಿಂದ ಕೀನ್ಯಾಕ್ಕೆ ವೀಸಾ ಬದಲು ಆನ್‌ಲೈನಿನಲ್ಲಿ ಇ.ಟಿ.ಎ. ಪಡೆಯಬೇಕು, ನಾವು ಹೋದಾಗ ಶುಲ್ಕ 30 ಡಾಲರ್. ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿ ಕಾರ್ಡು ಇಟ್ಟುಕೊಳ್ಳಿ. ಕೀನ್ಯಾ ಬಿಟ್ಟು ಆರು ದಿನದೊಳಗೆ ಭಾರತಕ್ಕೆ ಹೋಗುವವರು ಅದಿಲ್ಲದಿದ್ದರೆ ಕ್ವಾರಂಟೈನ್ ಸೇರಬೇಕಾದೀತು. ನಾವು ಎಲ್ಲವನ್ನೂ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟುವವರು. 2017ರಿಂದ ಅಲ್ಲಿ ಆ ಕೊಟ್ಟೆಗಳೇ ನಿಷಿದ್ಧ. ಸ್ವೆಟರ್ ಬೇಕೇ ಬೇಕು.

ಸೋಮವಾರ ನಕುರು. ಸರೋವರ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಉಕ್ಕಿ ದಡದ ಮರಗಳನ್ನೆಲ್ಲ ಮುಳುಗಿಸಿದೆ. ಫೋಟೋಗಳಲ್ಲಿ ಕಂಡ ಗುಲಾಬಿ ಬಣ್ಣದ ಫ್ಲೆಮಿಂಗೋ ಹಿಂಡು ನೋಡಬೇಕೆಂದು ಬಂದವರು ನಿರಾಶರಾದರು. ಊರ ಪಕ್ಕದ ಹೈರಾಕ್ಸ್ ಹಿಲ್ ಆ ಬೇಸರ ಕಳೆಯಿತು. 1930ರ ದಶಕದಲ್ಲಿ ಮೇರಿ ಲೀಕಿ ಅಗೆದ ಹಳೆಯ ವಸತಿ ಅದು. ಮನೆಗಳ ಕಲ್ಲಿನ ಸುತ್ತು, ಗೋರಿ, ಇವೆಲ್ಲದರ ಜತೆ ಬಂಡೆಯ ಮೇಲೆ ಸಾಲಾಗಿ ಕೊರೆದ ಸಣ್ಣ ಗುಳಿಗಳು. ಗೈಡ್ ವಿವರಿಸಲು ಬಾಯಿ ತೆರೆಯುವ ಮೊದಲೇ ಕುಂದಾಪುರದ ಅಕ್ಕ "ಇದು ಚೆನ್ನೆಮಣೆ ಅಲ್ದಾ!" ಎಂದು ಕೂಗಿದರು. ಹೌದು, ಅದೇ. ಅಳಗುಳಿಮಣೆ. ಇಲ್ಲಿ ಅದಕ್ಕೆ 'ಬಾವೊ' ಎನ್ನುತ್ತಾರೆ. ನಮ್ಮದು ಏಳೇಳು ಗುಳಿಯ ಎರಡು ಸಾಲು. ಕರಾವಳಿಯ ಬಾವೊ ಎಂಟೆಂಟರ ನಾಲ್ಕು ಸಾಲು.

ಬಂಡೆಯ ಮೇಲೆ ಆಡಲು ಬಿಡುವುದಿಲ್ಲ. ಅಂಗಳದ ಮಣ್ಣಿನಲ್ಲಿ ಗುಳಿ ತೋಡಿ, ಕಲ್ಲು ಆಯ್ದು ಅಕ್ಕನೂ ಡ್ರೈವರೂ ಎದುರುಬದುರು ಕುಳಿತರು. ನಿಯಮ ಒಪ್ಪಿಕೊಳ್ಳಲು ಅರ್ಧ ಗಂಟೆ, ಆಟಕ್ಕೆ ಹತ್ತು ನಿಮಿಷ. ಮೊದಲ ಆಟ ಡ್ರೈವರಿನದು, ಎರಡನೆಯದು ಅಕ್ಕನದು. ಮೂರನೆಯದರ ಅರ್ಧಕ್ಕೆ ಮಳೆ ಹೊಯ್ದು, ಗುಳಿಗಳಲ್ಲಿ ನೀರು ನಿಂತಿತು.