ಮರೆವಿನ ರೋಗವುಳ್ಳ ವೃದ್ಧರೂ ಯಂತ್ರವಾಹನಗಳೂ

ಎತ್ತಿನ ಗಾಡಿಯ ಕಾಲದಲ್ಲಿ ವೃದ್ಧನಾದ ಯಜಮಾನನು ಸಂತೆಯಿಂದ ಹಿಂದಿರುಗುವಾಗ ಗಾಡಿಯಲ್ಲಿಯೇ ನಿದ್ರೆಹೋದರೂ ಎತ್ತುಗಳು ಪರಿಚಯದ ದಾರಿಯನ್ನು ಹಿಡಿದು ಅವನನ್ನು ಮನೆಯ ಬಾಗಿಲಿಗೆ ಮುಟ್ಟಿಸುತ್ತಿದ್ದುವು. ಈಗ ಆ ಗಾಡಿಯ ಸ್ಥಾನವನ್ನು ಟ್ರಾಕ್ಟರೂ ಮೋಟಾರು ಸೈಕಲ್ಲೂ ಬಹುಮಟ್ಟಿಗೆ ಆಕ್ರಮಿಸಿವೆ. ಇವುಗಳಿಗೆ ಕಣ್ಣಿಲ್ಲ, ದಾರಿಯ ನೆನಪಿಲ್ಲ; ನಡೆಸುವವನ ಬುದ್ಧಿಯೇ ಇವುಗಳ ಬುದ್ಧಿ. ಆ ಬುದ್ಧಿಯು ರೋಗದಿಂದ ಕುಂದುತ್ತಿರುವಾಗ ಏನು ಮಾಡತಕ್ಕದ್ದೆಂಬುದು ಪ್ರತಿಯೊಂದು ಗ್ರಾಮದ ಮುಖಂಡರೂ ಭೂಮಾಲೀಕರೂ ಆಲೋಚಿಸಬೇಕಾದ ವಿಷಯವಾಗಿದೆ.

ರೋಗದ ಸ್ವರೂಪ

"ಅರವತ್ತಕ್ಕೆ ಅರಳು ಮರಳು" ಎಂಬ ಗಾದೆಯನ್ನು ನಂಬಿ ಅನೇಕ ಮನೆಗಳಲ್ಲಿ ಹಿರಿಯರ ಮರೆವನ್ನು ವಯೋಧರ್ಮವೆಂದು ಉಪೇಕ್ಷಿಸುವುದುಂಟು. ಇದು ಸರಿಯಲ್ಲ. ವೈದ್ಯರು ಡಿಮೆನ್ಷಿಯ ಎಂದು ಕರೆಯುವ ಸ್ಥಿತಿಯು ಮೆದುಳಿನ ರೋಗಗಳಿಂದ ಉಂಟಾಗತಕ್ಕದ್ದು. ವೃದ್ಧಾಪ್ಯದ ಸಹಜ ಲಕ್ಷಣವಲ್ಲ. ೧೯೦೬ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ ವಿವರಿಸಿದ ರೋಗವು ಇದರ ಅತ್ಯಂತ ಸಾಮಾನ್ಯವಾದ ಕಾರಣ. ಮೆದುಳಿನ ರಕ್ತನಾಳಗಳ ಕೆಡುಕು ಮತ್ತೊಂದು. ೨೦೨೩ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ, ಭಾರತದಲ್ಲಿ ೬೦ ವರ್ಷ ತುಂಬಿದವರ ಪೈಕಿ ನೂರಕ್ಕೆ ೭.೪ ಮಂದಿ, ಅಂದರೆ ಸುಮಾರು ೮೮ ಲಕ್ಷ ಜನರು, ಇದಕ್ಕೆ ಗುರಿಯಾಗಿರುವರು. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೇ ಇದರ ಪ್ರಮಾಣವು ಹೆಚ್ಚು.

ಈ ರೋಗದಲ್ಲಿ ಕೈಕಾಲುಗಳ ಹಳೆಯ ಅಭ್ಯಾಸವು ಬೇಗನೆ ಅಳಿಯುವುದಿಲ್ಲ. ಬೆಳಗಿನ ಊಟವನ್ನು ಮರೆತವನೂ ಟ್ರಾಕ್ಟರನ್ನು ಹತ್ತಿ, ಗೇರು ಹಾಕಿ, ನೇರವಾಗಿ ಉಳಬಲ್ಲನು. ಇದನ್ನು ಕಂಡು ಮನೆಯವರು ಮೋಸಹೋಗುತ್ತಾರೆ. ಆದರೆ ಎದುರು ಬರುವ ಲಾರಿಯ ದೂರವನ್ನು ಅಳೆಯುವುದು, ಏಕಕಾಲದಲ್ಲಿ ಎರಡು ಕಡೆಗೆ ಲಕ್ಷ್ಯ ಕೊಡುವುದು, ಫಕ್ಕನೆ ನಿರ್ಣಯಿಸುವುದು, ಈ ಶಕ್ತಿಗಳು ಮೊದಲೇ ಕುಗ್ಗಿರುತ್ತವೆ. ಟ್ರಾಕ್ಟರಿನಲ್ಲಿ ಎಡಚಕ್ರಕ್ಕೊಂದು, ಬಲಚಕ್ರಕ್ಕೊಂದು ಬ್ರೇಕು ಇರುವುದಷ್ಟೆ. ರಸ್ತೆಗಿಳಿಯುವ ಮುನ್ನ ಇವೆರಡನ್ನೂ ಕೂಡಿಸುವ ಕೊಂಡಿಯನ್ನು ಹಾಕಲು ಮರೆತು, ವೇಗದಲ್ಲಿ ಒಂದನ್ನೇ ತುಳಿದರೆ ಯಂತ್ರವು ಒಂದು ಪಕ್ಕಕ್ಕೆ ತಿರುಗಿ ಮಗುಚಬಹುದು. ಕಾಲುವೆಯ ಏರಿಯ ಮೇಲೆ ಇಂತಹ ಒಂದು ಮರೆವು ಪ್ರಾಣಕ್ಕೇ ಮುಳುವಾಗುವುದು.

ಗಮನಿಸಬೇಕಾದ ಗುರುತುಗಳು

೧. ಪ್ರತಿದಿನ ಓಡಾಡಿದ ದಾರಿಯಲ್ಲಿ ದಿಕ್ಕು ತಪ್ಪುವುದು. ಅರ್ಧ ಗಂಟೆಯ ಕೆಲಸಕ್ಕೆ ಹೋದವರು ಬಹಳ ಹೊತ್ತಾದರೂ ಬಾರದಿರುವುದು.
೨. ವಾಹನದ ಮೇಲೆ ಹೊಸ ಗೀರು ತಗ್ಗುಗಳು ಕಾಣುವುದು. ಅವು ಹೇಗಾದುವೆಂದು ಕೇಳಿದರೆ ಹೇಳಲಾರದಿರುವುದು.
೩. ಬ್ರೇಕಿಗೆ ಬದಲಾಗಿ ಬೇರೊಂದನ್ನು ತುಳಿಯುವುದು. ರಸ್ತೆಯ ಬಲಪಕ್ಕಕ್ಕೆ ಹೋಗುವುದು.
೪. ಕೂಡುರಸ್ತೆಯಲ್ಲಿ ಕಾರಣವಿಲ್ಲದೆ ನಿಲ್ಲುವುದು, ಅಥವಾ ನೋಡದೆ ನುಗ್ಗುವುದು.

ಇವೆಲ್ಲಕ್ಕಿಂತ ಸುಲಭವಾದ ಪರೀಕ್ಷೆಯೊಂದುಂಟು. ಆ ಹಿರಿಯರು ನಡೆಸುವ ವಾಹನದಲ್ಲಿ ಮೊಮ್ಮಗುವನ್ನು ಕುಳ್ಳಿರಿಸಿ ಕಳುಹಿಸಲು ಮನೆಯವರಿಗೆ ಧೈರ್ಯವುಂಟೇ? ಇಲ್ಲವೆಂದಾದರೆ ಊರಿನ ಇತರ ಮಕ್ಕಳು ಓಡಾಡುವ ಬೀದಿಗೂ ಆ ವಾಹನವು ಬರತಕ್ಕದ್ದಲ್ಲ.

ಮೊದಲು ವೈದ್ಯರ ಬಳಿಗೆ

ಗುರುತುಗಳು ಕಂಡೊಡನೆ ಹಿರಿಯರನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. ಬಿ-೧೨ ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಮನೋವ್ಯಥೆ, ಕೆಲವು ಔಷಧಿಗಳು, ಇವುಗಳಿಂದಲೂ ಮರೆವು ಬರಬಹುದು. ಇಂತಹವು ಚಿಕಿತ್ಸೆಯಿಂದ ಬಹುಪಾಲು ಗುಣವಾಗುವುವು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ರೋಗದ ಪರೀಕ್ಷೆಗೆ ಏರ್ಪಾಡುಂಟು. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಗೆ ೧೪೪೧೬ ಸಂಖ್ಯೆಯಲ್ಲಿ ಉಚಿತವಾಗಿ ಮಾತನಾಡಬಹುದು. ರೋಗವು ಆರಂಭದ ಹಂತದಲ್ಲಿದ್ದರೆ ಕೆಲವರು ವೈದ್ಯರ ಅನುಮತಿಯಿಂದ ಕೆಲಕಾಲ ವಾಹನ ನಡೆಸಬಹುದು; ಆದರೆ ಆರು ತಿಂಗಳಿಗೊಮ್ಮೆಯಾದರೂ ಮರುಪರೀಕ್ಷೆ ಆಗಬೇಕು. ರೋಗವು ಬಲಿತ ಮೇಲೆ ಸರ್ವಥಾ ನಡೆಸಕೂಡದು.

ಕಾನೂನಿನ ವಿಧಿ

೧೯೮೮ರ ಮೋಟಾರು ವಾಹನಗಳ ಕಾಯಿದೆಯಂತೆ ೫೫ ವರ್ಷ ಮೀರಿದವರು ಐದು ವರ್ಷಕ್ಕೊಮ್ಮೆ ಪರವಾನಗಿಯನ್ನು ನವೀಕರಿಸಿಕೊಳ್ಳಬೇಕು. ವೈದ್ಯರ ಪ್ರಮಾಣಪತ್ರವೂ ಬೇಕು. ಆದರೆ ಈ ರೋಗಕ್ಕೆ ಐದು ವರ್ಷವು ಬಹು ದೀರ್ಘವಾದ ಅವಧಿ. ಪರವಾನಗಿಯ ದಿನಾಂಕ ಮುಗಿದಿಲ್ಲವೆಂಬ ಮಾತ್ರಕ್ಕೆ ದೇಹಮನಸ್ಸುಗಳು ಯೋಗ್ಯವಾಗಿವೆಯೆಂದು ತಿಳಿಯಬಾರದು. ಅಯೋಗ್ಯಸ್ಥಿತಿಯಲ್ಲಿ ವಾಹನ ನಡೆಸಿ ಜನರಿಗೆ ಅಪಾಯ ತರುವುದು ಇದೇ ಕಾಯಿದೆಯ ೧೮೬ನೆಯ ಪ್ರಕರಣದಂತೆ ಅಪರಾಧ. ಪರವಾನಗಿಯಿಲ್ಲದವರ ಕೈಗೆ ವಾಹನವನ್ನು ಕೊಟ್ಟ ಮಾಲೀಕನೂ ದಂಡನೆಗೆ ಪಾತ್ರನಾಗುತ್ತಾನೆಂಬುದನ್ನು ಟ್ರಾಕ್ಟರುಳ್ಳ ಭೂಮಾಲೀಕರು ನೆನಪಿನಲ್ಲಿಡತಕ್ಕದ್ದು.

ಮರ್ಯಾದೆಗೆ ಕುಂದಿಲ್ಲದಂತೆ ನಿಲ್ಲಿಸುವ ಬಗೆ

ನಲವತ್ತು ವರ್ಷ ಬೇಸಾಯ ನಡೆಸಿದ ಯಜಮಾನನಿಂದ ಬೀಗದ ಕೈಯನ್ನು ಕಸಿದುಕೊಂಡರೆ ಯಜಮಾನಿಕೆಯನ್ನೇ ಕಸಿದುಕೊಂಡಂತೆ ಆತನಿಗೆ ತೋರುವುದು. ಆದುದರಿಂದ ಜಗಳವಾಡಿ ನಿಲ್ಲಿಸುವುದು ಉಚಿತವಲ್ಲ. ಮಗನ ಮಾತಿಗಿಂತ ವೈದ್ಯರ ಮಾತಿಗೆ ಹಿರಿಯರು ಹೆಚ್ಚು ಬೆಲೆ ಕೊಡುವರು. ವೈದ್ಯರಿಂದಲೇ ಬರೆಸಿ ಹೇಳಿಸಬೇಕು. ಬೀಗದ ಕೈಯನ್ನು ಗೂಟಕ್ಕೆ ನೇತುಹಾಕದೆ ಕಣ್ಣಿಗೆ ಬೀಳದ ಕಡೆ ಇಡಬೇಕು. ವಾಹನವನ್ನು ಸಾಧ್ಯವಾದರೆ ಎದುರಿಗೆ ಕಾಣದಂತೆ ನಿಲ್ಲಿಸಬೇಕು. ಹೊಲಕ್ಕೂ ಸಂತೆಗೂ ದೇವಸ್ಥಾನಕ್ಕೂ ಅವರನ್ನು ಕರೆದೊಯ್ಯಲು ಮನೆಯಲ್ಲೊಬ್ಬರು ದಿನ ಗೊತ್ತುಮಾಡಿಕೊಳ್ಳಬೇಕು. ಬೀಜದ ಆಯ್ಕೆ, ದನಕರುಗಳ ಮೇಲ್ವಿಚಾರಣೆ ಮುಂತಾದ ಕೆಲಸಗಳಲ್ಲಿ ಅವರ ಸಲಹೆಯನ್ನು ಕೇಳುತ್ತಿರಬೇಕು. ಕೆಲಸವಿಲ್ಲದೆ ಕುಳಿತವರು ಮತ್ತೆ ಬೀಗದ ಕೈಯನ್ನು ಹುಡುಕುವುದು ಸಹಜ.

ಗ್ರಾಮದ ಮುಖಂಡರ ಕರ್ತವ್ಯವೂ ಇಲ್ಲಿ ಅಲ್ಪವಲ್ಲ. ದಾರಿ ತಪ್ಪಿದ ವೃದ್ಧರನ್ನು ಕಂಡು ಚಹದ ಅಂಗಡಿಯಲ್ಲಿ ನಗುವವರಿಗೆ ಬುದ್ಧಿ ಹೇಳಿ, ಆ ಸಂಗತಿಯನ್ನು ಗುಟ್ಟಾಗಿ ಮನೆಯವರಿಗೆ ತಿಳಿಸುವುದು ಅವರಿಂದ ಆಗತಕ್ಕ ದೊಡ್ಡ ಉಪಕಾರ. ಎತ್ತುಗಳು ಹಿಂದೆ ಯಜಮಾನನನ್ನು ಮನೆಗೆ ತಂದು ಮುಟ್ಟಿಸುತ್ತಿದ್ದುವು. ಆ ಹೊಣೆಯನ್ನು ಈಗ ಮನೆಯವರೂ ನೆರೆಯವರೂ ಹೊರತಕ್ಕದ್ದು.