ದಾಸವಾಳದ ಗಿಡದಲ್ಲೊಂದು ಪುಟ್ಟ ಲೋಕ

ನಾಳೆ ಬೆಳಿಗ್ಗೆ ಇಬ್ಬನಿ ಆರುವ ಮುನ್ನ ಅಂಗಳದ ದಾಸವಾಳದ ಹತ್ತಿರ ಹೋಗಿ ನೋಡಿ. ಕೀಟಗಳಿಗೆ ಕಾವು ಕೊಡುವುದು ಬಿಸಿಲು. ಹಾಗಾಗಿ ಆ ತಂಪಿನಲ್ಲಿ ಅವು ಹೆಚ್ಚು ಅಲುಗಾಡುವುದಿಲ್ಲ. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಚಿತ್ರಕ್ಕೆ ಅದೇ ಒಳ್ಳೆಯ ಹೊತ್ತು.

ಫೋನಿಗೆ ಕ್ಲಿಪ್ ಲೆನ್ಸ್ ಸಾಕು. ಕ್ಯಾಮೆರಾ ಇದ್ದರೆ, ಹಳೆಯ 50 ಮಿ.ಮೀ. ಲೆನ್ಸನ್ನೇ ರಿವರ್ಸ್ ರಿಂಗ್ ಹಾಕಿ ತಿರುಗಿಸಿ ಜೋಡಿಸಿ.

ಇಷ್ಟು ಹತ್ತಿರದಲ್ಲಿ ಫೋಕಸ್ ಸಿಗುವ ಪದರ ತೀರಾ ತೆಳು. ಕ್ಯಾಮೆರಾದಲ್ಲಾದರೆ ಅಪರ್ಚರ್ ಎಫ್/8, ಶಟರ್ 1/200 ಸೆಕೆಂಡಿಗೆ ಇಡಿ. ಬೆಳಕು ಸಾಲದಿದ್ದರೆ ಐಎಸ್ಒ ಏರಿಸಿ. ಉಸಿರು ಬಿಗಿಹಿಡಿದು, ನೀವೇ ಕೂದಲೆಳೆಯಷ್ಟು ಮುಂದೆ, ಹಿಂದೆ ವಾಲಿ. ಕೀಟದ ಕಣ್ಣು ಸ್ಪಷ್ಟವಾಯಿತೇ? ಕ್ಲಿಕ್ ಮಾಡಿ.

ಹೂವಿನ ನೆರಳಿರುವ ಕಡೆ ಒಂದು ಬಿಳಿ ಕಾಗದ ಹಿಡಿಯಿರಿ. ಪರಾಗದ ಒಂದೊಂದು ಕಣವೂ ಬೆಳಗುತ್ತದೆ.

ಚಿತ್ರಕ್ಕಾಗಿ ಕೀಟವನ್ನು ಹಿಡಿಯಬೇಡಿ, ಹೂ ಕೀಳಬೇಡಿ. ಅದು ಅವುಗಳ ಮನೆ, ನಾವು ಅತಿಥಿಗಳು.