ಹೊಸ ಪುಟ, ಹಳೆಯ ಬ್ರೌಸರ್

ಹೊಸ ಎಚ್‌ಟಿಎಂಎಲ್‌ನಲ್ಲಿ ಬರೆದ ಪುಟವನ್ನು ಹಳೆಯ ಬ್ರೌಸರ್ ಹೇಗೆ ತೋರಿಸುತ್ತದೆ? ನಿಯಮ ಸರಳ: ತಿಳಿಯದ ಟ್ಯಾಗನ್ನು ಅದು ಬಿಟ್ಟುಬಿಡುತ್ತದೆ, ಒಳಗಿನ ಬರಹವನ್ನು ಬಿಡುವುದಿಲ್ಲ.

2014ರಲ್ಲಿ ಅಂಗೀಕೃತವಾದ ಎಚ್‌ಟಿಎಂಎಲ್ 5 ಈ ನಿಯಮವನ್ನು ಚೆನ್ನಾಗಿ ಬಳಸಿಕೊಂಡಿತು. 'ವಿಡಿಯೋ' ಟ್ಯಾಗಿನೊಳಗೆ ಪಾಠದ ಸಾರಾಂಶ ಬರೆದಿಟ್ಟರೆ, ಹೊಸ ಬ್ರೌಸರ್ ವಿಡಿಯೋ ತೋರಿಸುತ್ತದೆ. ಹಳೆಯದು ಸಾರಾಂಶ ತೋರಿಸುತ್ತದೆ. ಇಮೇಲ್ ವಿಳಾಸಕ್ಕೆಂದೇ ಇರುವ ಹೊಸ ಖಾನೆ ಹಳೆಯದರಲ್ಲಿ ಸಾಮಾನ್ಯ ಖಾನೆಯಾಗುತ್ತದೆ. ಅರ್ಜಿ ತುಂಬಲು ಅಡ್ಡಿಯಿಲ್ಲ.

ಹಳೆಯದರೊಡನೆ ಹೊಂದಿಕೆಯನ್ನು ತೊರೆದು ಹೊರಟ ಎಕ್ಸ್‌ಎಚ್‌ಟಿಎಂಎಲ್ 2ರ ಕೆಲಸವನ್ನು ಮುಂದುವರಿಸದಿರಲು 2009ರಲ್ಲಿ ನಿರ್ಧಾರವಾಯಿತು.

ನೀವು ಪುಟ ರಚಿಸುವಾಗ ಮುಖ್ಯ ವಿಷಯವನ್ನು ಮೊದಲು ಸರಳ ಬರಹದಲ್ಲಿ ಇಡಿ; ಅಲಂಕಾರ ಆಮೇಲೆ. ಶಾಲೆಯ ಹಳೆಯ ಕಂಪ್ಯೂಟರಿನ ಮುಂದೆ ಕುಳಿತವರಿಗೂ ಪಾಠ ತಪ್ಪಬಾರದಲ್ಲವೇ?